ಅಪ್ಪನ ಎಂಆರ್‌ಐನಲ್ಲಿ "ಕಿರುಮೆದುಳು ವಯಸ್ಸಿಗೆ ತಕ್ಕಂತೆ ಕುಗ್ಗಿದೆ" ಅಂತ ಬಂದಿದೆ. ನಡಿಗೆ, ಯೋಚನೆ ಎರಡೂ ನಿಧಾನ ಆಗಿರುವುದಕ್ಕೆ ಇದೇ ಕಾರಣನಾ?

ಮುಂಜಾವು:
ಅಪ್ಪನಿಗೆ ಈಗ 72. ಬಿಪಿಗೆ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಅದು ಬಿಟ್ಟರೆ ಹೇಳಿಕೊಳ್ಳುವಂಥ ಕಾಯಿಲೆ ಇಲ್ಲ. ನೆನಪು ಚೆನ್ನಾಗಿದೆ, ಲೆಕ್ಕಾಚಾರ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಆದರೆ ಒಂದೆರಡು ವರ್ಷದಿಂದ ನಡಿಗೆ ಬದಲಾಗಿದೆ. ಥಟ್ಟನೆ ತಿರುಗಿದರೆ ಒಂದು ಹೆಜ್ಜೆ ಆಚೆ ವಾಲಿ ಗೋಡೆ ಹಿಡಿಯುತ್ತಾರೆ. ರಾತ್ರಿ ಕತ್ತಲಲ್ಲಿ ಎದ್ದರೆ ಇನ್ನೂ ಕಷ್ಟ. ನಡೆಯುವಾಗ ಏನಾದರೂ ಕೇಳಿದರೆ ನಿಂತು ಉತ್ತರ ಕೊಟ್ಟು ಆಮೇಲೆ ಮುಂದೆ ನಡೆಯುತ್ತಾರೆ. ಯೋಚನೆಯಲ್ಲೂ ಸ್ವಲ್ಪ ಹೀಗೇ. ಒಂದು ಕೆಲಸದ ಮಧ್ಯೆ ಇನ್ನೊಂದು ಬಂದರೆ ಗಲಿಬಿಲಿ, ಮೊದಲಿನದಕ್ಕೆ ಮರಳಲು ಹೊತ್ತು ಬೇಕು.

ಎಂಆರ್‌ಐ ಮಾಡಿಸಿದೆವು. ಕಿರುಮೆದುಳು, ಅಂದರೆ ಸೆರೆಬೆಲಮ್, ವಯಸ್ಸಿಗೆ ತಕ್ಕಂತೆ ಸ್ವಲ್ಪ ಕುಗ್ಗಿದೆ ಅಂತ ರಿಪೋರ್ಟಿನಲ್ಲಿದೆ. "ಇದು ಎಲ್ಲರಿಗೂ ಆಗುವುದೇ, ಚಿಂತೆ ಬೇಡ" ಅಂದು ಡಾಕ್ಟರ್ ಕಳಿಸಿಬಿಟ್ಟರು. ನನಗೆ ಸಮಾಧಾನ ಆಗಿಲ್ಲ. ಆರೋಗ್ಯವಾಗಿ ಇರುವವರಿಗೂ ಕಿರುಮೆದುಳು ಕುಗ್ಗುತ್ತದಾ? ಕುಗ್ಗಿದರೆ ನಡಿಗೆ ಮಾತ್ರ ಕೆಡುತ್ತದಾ, ಯೋಚನೆಯೂ ನಿಧಾನ ಆಗುತ್ತದಾ? ನಾವು ಮಾಡಬಹುದಾದದ್ದು ಏನಾದರೂ ಇದೆಯಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ರಮಾ_ಕೆ:
ನಮ್ಮಮ್ಮನೂ ಥೇಟ್ ಹೀಗೇ. ನಡೆಯುತ್ತಾ ಮಾತಾಡುವುದು ಅವರಿಗೆ ಆಗುವುದೇ ಇಲ್ಲ. ಫೋನ್ ಬಂದರೆ ಎಲ್ಲಿದ್ದಾರೋ ಅಲ್ಲೇ ನಿಲ್ಲುತ್ತಾರೆ. ಉತ್ತರಕ್ಕೆ ನಾನೂ ಕಾಯುತ್ತಿದ್ದೇನೆ.

ನೇರನುಡಿ:
ಕಿರುಮೆದುಳಿನ ಕೆಲಸ ಸಮತೋಲನ, ಕೈಕಾಲಿನ ಹೊಂದಾಣಿಕೆ. ಅಷ್ಟೇ. ಯೋಚನೆ, ನೆನಪು, ಮಾತು ಎಲ್ಲ ದೊಡ್ಡ ಮೆದುಳಿನದು. ಎರಡನ್ನೂ ಒಂದೇ ರಿಪೋರ್ಟಿಗೆ ಗಂಟು ಹಾಕಬೇಡಿ. 72ಕ್ಕೆ ಯಾರಿಗೆ ತಾನೆ ನಿಧಾನ ಆಗುವುದಿಲ್ಲ?

ನರತಂತು:
@ನೇರನುಡಿ, ನೀವು ಹೇಳುವುದು 1980ರವರೆಗೆ ಬಹುತೇಕ ಎಲ್ಲರೂ ನಂಬಿದ್ದ ಮಾತು. ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುತ್ತೇನೆ, ಇದು ನನ್ನ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಆ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. 1824ರಲ್ಲಿ ಫ್ರಾನ್ಸಿನ ವಿಜ್ಞಾನಿ ಫ್ಲೂರೆನ್ಸ್ ಪಾರಿವಾಳಗಳ ಕಿರುಮೆದುಳು ತೆಗೆದು ನೋಡಿದರು. ಹಕ್ಕಿಗೆ ಪಾರ್ಶ್ವವಾಯು ಹೊಡೆಯಲಿಲ್ಲ, ಆದರೆ ನಡೆಯುವುದು, ಹಾರುವುದು ಎಲ್ಲ ಅಡ್ಡಾದಿಡ್ಡಿ ಆಯಿತು. ಮೊದಲನೇ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಬ್ರಿಟನ್ನಿನ ನರವೈದ್ಯ ಗಾರ್ಡನ್ ಹೋಮ್ಸ್ ಪರೀಕ್ಷಿಸಿ ಬರೆದದ್ದೂ ಇದೇ ದಾರಿಯಲ್ಲಿತ್ತು. ಕೈ ಗುರಿ ತಪ್ಪುವುದು, ಹೆಜ್ಜೆ ಅಗಲವಾಗುವುದು, ಮಾತು ತುಂಡು ತುಂಡಾಗುವುದು. ಇವೆಲ್ಲ ಕಣ್ಣಿಗೆ ಕಾಣುವ ತೊಂದರೆ, ಹಾಗಾಗಿ ಗಮನ ಅಲ್ಲೇ ನಿಂತಿತು.

1986ರಲ್ಲಿ ಲೈನರ್ ದಂಪತಿ ಮತ್ತು ಡೌ ಅನ್ನುವ ಸಂಶೋಧಕರು ಒಂದು ಪ್ರಶ್ನೆ ಎತ್ತಿದರು. ಮನುಷ್ಯನಲ್ಲಿ ಕಿರುಮೆದುಳಿನ ಪಕ್ಕದ ಭಾಗ ಇಷ್ಟು ದೊಡ್ಡದಾಗಿ ಬೆಳೆದಿರುವುದು ಬರೀ ಕೈಕಾಲು ಆಡಿಸುವುದಕ್ಕಾ? 1998ರಲ್ಲಿ ಶ್ಮಾಮನ್ ಮತ್ತು ಶೆರ್ಮನ್ ಕಿರುಮೆದುಳಿಗೆ ಮಾತ್ರ ಹಾನಿಯಾದ 20 ರೋಗಿಗಳ ಬಗ್ಗೆ ಬರೆದರು. ಯೋಜನೆ ಹಾಕುವುದು, ಒಂದು ವಿಷಯದಿಂದ ಇನ್ನೊಂದಕ್ಕೆ ಹೊರಳುವುದು, ಪಟಪಟನೆ ಪದ ಹುಡುಕುವುದು, ಜಾಗ ಮತ್ತು ಆಕಾರದ ಅಂದಾಜು, ಭಾವನೆಯ ಹಿಡಿತ, ಇವೆಲ್ಲ ಅವರಲ್ಲಿ ಏರುಪೇರಾಗಿತ್ತು. 2011ರಲ್ಲಿ ಬಕ್ನರ್ ತಂಡ ಎಫ್‌ಎಂಆರ್‌ಐನಿಂದ, ಅಂದರೆ ಮೆದುಳು ಕೆಲಸ ಮಾಡುವುದನ್ನು ತೋರಿಸುವ ಸ್ಕ್ಯಾನಿನಿಂದ, ನಕ್ಷೆ ಮಾಡಿದಾಗ, ಮನುಷ್ಯನ ಕಿರುಮೆದುಳಿನ ಹೆಚ್ಚಿನ ಭಾಗ ಮಾತುಕತೆ ನಡೆಸುವುದು ಚಲನೆಯ ಕೇಂದ್ರಗಳ ಜೊತೆಗಲ್ಲ, ಯೋಚನೆಯಲ್ಲಿ ತೊಡಗುವ ದೊಡ್ಡ ಮೆದುಳಿನ ಪ್ರದೇಶಗಳ ಜೊತೆ ಅಂತ ಗೊತ್ತಾಯಿತು.

ಗಾತ್ರದಲ್ಲಿ ಅದು ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು ಮಾತ್ರ. ಆದರೆ 2009ರ ಎಣಿಕೆಯ ಪ್ರಕಾರ ಮೆದುಳಿನ ಸುಮಾರು 86 ಶತಕೋಟಿ ನರಕೋಶಗಳಲ್ಲಿ 69 ಶತಕೋಟಿ ಅಲ್ಲೇ ಇವೆ. ಬೀಸಣಿಗೆಯ ಮಡಿಕೆಗಳ ಹಾಗೆ ಒತ್ತೊತ್ತಾಗಿ ಮಡಚಿಕೊಂಡಿರುವುದರಿಂದ ಚಿಕ್ಕದಾಗಿ ಕಾಣುತ್ತದೆ, ಅಷ್ಟೇ. ಪೂರ್ತಿ ಬಿಡಿಸಿದರೆ ಅದರ ಮೇಲ್ಮೈ ದೊಡ್ಡ ಮೆದುಳಿನ ಹೊರಪದರದ ಸುಮಾರು 80% ಆಗುತ್ತದೆ.

ಕುತೂಹಲಿ:
69 ಶತಕೋಟಿ!! ಇಷ್ಟೊಂದು ಕೋಶ ಇಟ್ಟುಕೊಂಡು ಅದು ಮಾಡುವುದು ಏನು ಅಂತ ಒಂದೇ ಮಾತಲ್ಲಿ ಹೇಳಿ ಸರ್.

ನರತಂತು:
ಮುಂದೇನಾಗುತ್ತದೆ ಅಂತ ಮೊದಲೇ ಅಂದಾಜು ಮಾಡುವುದು, ಅಂದಾಜು ತಪ್ಪಿದರೆ ಮುಂದಿನ ಸಲಕ್ಕೆ ತಿದ್ದಿಕೊಳ್ಳುವುದು. ಮೆಟ್ಟಿಲು ಮುಗಿದಿದ್ದರೂ ಇನ್ನೊಂದಿದೆ ಅಂದುಕೊಂಡು ಕಾಲಿಟ್ಟಾಗ ಧಸಕ್ ಅನ್ನುತ್ತದಲ್ಲ, ಕಾಲು ನೆಲ ಮುಟ್ಟುವ ಮೊದಲೇ ಮೆದುಳು ಲೆಕ್ಕ ಹಾಕಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ಮಾತಿನಲ್ಲಿ, ಯೋಚನೆಯಲ್ಲಿ ಕೂಡ ಇಂಥದ್ದೇ ಅಂದಾಜಿನ ಕೆಲಸ ಮಾಡುತ್ತದೆ ಅನ್ನುವುದು ಈಗಿನ ಮುಖ್ಯ ವಾದ.

ನೇರನುಡಿ:
ಸರ್, ಗೌರವ ಇದೆ, ಆದರೆ ನೀವು ಕೊಟ್ಟ ಉದಾಹರಣೆ ಎಲ್ಲ ಗುಂಡೇಟು, ಗಾಯ, ಹಾನಿ. ಇವರ ಅಪ್ಪ ಆರೋಗ್ಯವಂತರು. ಏಟು ಬಿದ್ದವರಲ್ಲಿ ಕಂಡದ್ದನ್ನು ಸಹಜವಾಗಿ ವಯಸ್ಸಾದವರಿಗೆ ಹೊಂದಿಸುವುದು ಸರಿಯಲ್ಲ. ವಯಸ್ಸಿನಿಂದಲೇ ಏನಾಗುತ್ತದೆ ಅಂತ ಹೇಳಿ, ಆಗ ಒಪ್ಪುತ್ತೇನೆ.

ನರತಂತು:
ಕೇಳಬೇಕಾದ ಪ್ರಶ್ನೆಯೇ. ವಯಸ್ಸಾದ ಹಾಗೆ ಕಿರುಮೆದುಳು ಎಲ್ಲ ಕಡೆ ಒಂದೇ ಸಮನೆ ಕುಗ್ಗುವುದಿಲ್ಲ. 2003ರಲ್ಲಿ ಡೆನ್ಮಾರ್ಕಿನವರು 19ರಿಂದ 84 ವಯಸ್ಸಿನೊಳಗೆ ತೀರಿಕೊಂಡ, ಮೆದುಳಿನ ಕಾಯಿಲೆ ಇಲ್ಲದ 19 ಗಂಡಸರ ಕಿರುಮೆದುಳು ತೆಗೆದುಕೊಂಡು ಕೋಶ ಎಣಿಸಿದರು. ಕಿರುಮೆದುಳಿನ ಮುಂದಿನ ಹಾಲೆಯಲ್ಲಿ, ಅಂದರೆ ಮುಂದಿನ ಭಾಗದಲ್ಲಿ, ಮಾತ್ರ ಎದ್ದು ಕಾಣುವ ನಷ್ಟ. ಅಲ್ಲಿ ಪುರ್ಕಿಂಜೆ ಅನ್ನುವ ದೊಡ್ಡ ನರಕೋಶ, ಗ್ರಾನ್ಯೂಲ್ ಅನ್ನುವ ಪುಟಾಣಿ ನರಕೋಶ ಎರಡೂ ಸುಮಾರು 40% ಕಡಿಮೆ, ಗಾತ್ರ 30% ಕಡಿಮೆ. ಒಟ್ಟು ಕಿರುಮೆದುಳಿನ ಬಿಳಿ ಭಾಗ, ಅಂದರೆ ಸಂಪರ್ಕದ ನರತಂತುಗಳು, 26% ಇಳಿದಿತ್ತು. ಮುಂದಿನ ಹಾಲೆ ಮುಖ್ಯವಾಗಿ ಚಲನೆಗೆ ಸೇರಿದ್ದು. ಹಾಗಾಗಿ ನಡಿಗೆ ಮೊದಲು ಕೈಕೊಡುವುದರಲ್ಲಿ ಆಶ್ಚರ್ಯವಿಲ್ಲ.

ಪುರ್ಕಿಂಜೆ ಕೋಶದ ಬಗ್ಗೆ ಎರಡು ಮಾತು ಹೇಳಲೇಬೇಕು. 1837ರಲ್ಲಿ ಚೆಕ್ ವಿಜ್ಞಾನಿ ಪುರ್ಕಿನ್ಯೆ ಗುರುತಿಸಿದ್ದು. ಒಂದೊಂದು ಕೋಶಕ್ಕೂ ಲಕ್ಷಕ್ಕಿಂತ ಜಾಸ್ತಿ ಕಡೆಯಿಂದ ಸಂದೇಶ ಬರುತ್ತದೆ. ಕಿರುಮೆದುಳಿನ ಹೊರಪದರದಿಂದ ಏನೇ ಹೊರಗೆ ಹೋಗಬೇಕಿದ್ದರೂ ಇದರ ಮೂಲಕವೇ ಹೋಗಬೇಕು, ಬೇರೆ ದಾರಿ ಇಲ್ಲ. ಇಂಥ ಕೋಶ ಸತ್ತರೆ ಅದರ ಜಾಗಕ್ಕೆ ಹೊಸದು ಹುಟ್ಟುವುದಿಲ್ಲ.

ಹಳೆಬೇರು:
ನನಗೆ 68. ಇಲ್ಲಿ ಎಲ್ಲರೂ ವಯಸ್ಸಾದವರ ಬಗ್ಗೆ ಮಾತಾಡುತ್ತಿದ್ದೀರಿ, ವಯಸ್ಸಾದವನೊಬ್ಬ ಹೇಳುವುದನ್ನೂ ಕೇಳಿ. ಏನೇ ಆದರೂ ಮೆದುಳು ಕುಗ್ಗಿತು, ಕೋಶ ಸತ್ತಿತು ಅಂತೀರಿ. ನನ್ನ ಕಾಲಿನ ಬಲ ಕಡಿಮೆಯಾಗಿದೆ, ಮಂಡಿ ನೋಯುತ್ತದೆ, ಒಂದು ಕಣ್ಣಿನ ಪೊರೆ ತೆಗೆಸಿದ್ದೇನೆ, ಇನ್ನೊಂದು ಬಾಕಿ ಇದೆ. ನಾನು ಹುಷಾರಾಗಿ ಹೆಜ್ಜೆ ಇಡುವುದು ಅದಕ್ಕೆ. ಬಿದ್ದರೆ ಏನಾಗುತ್ತದೆ ಅಂತ ಗೊತ್ತಿರುವುದರಿಂದ ನಿಧಾನವಾಗಿ ನಡೆಯುತ್ತೇನೆ, ಇದು ತಿಳಿವಳಿಕೆ, ಇದನ್ನು ರೋಗದ ಪಟ್ಟಿಗೆ ಸೇರಿಸಬೇಡಿ. ಮುಂಜಾವು ಅವರೇ, ನಿಮ್ಮ ತಂದೆಯವರ ಕಣ್ಣು, ಕಿವಿ, ಕಾಲು ನೋಡಿಸಿದ್ದೀರಾ? ನೇರ ಮೆದುಳಿಗೆ ಯಾಕೆ ಹೋದಿರಿ?

ಅನು_ಫಿಸಿಯೋ:
ಹಳೆಬೇರು ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಫಿಸಿಯೋಥೆರಪಿಸ್ಟ್, ದಿನವೂ ಇದನ್ನೇ ನೋಡುತ್ತೇನೆ. ನಾವು ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ಮಾಹಿತಿ ಬೇಕು. ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಬರುವ ಸ್ಪರ್ಶಜ್ಞಾನ. ಈ ಮೂರನ್ನೂ ತಾಳೆ ಹಾಕಿ ಚಲನೆ ತಿದ್ದುವುದರಲ್ಲಿ ಕಿರುಮೆದುಳಿನ ಪಾಲು ದೊಡ್ಡದು. ವಯಸ್ಸಾದಾಗ ಮೂರೂ ಮಂಕಾಗುತ್ತವೆ, ತಾಳೆ ಹಾಕುವವನೂ ನಿಧಾನ ಆಗುತ್ತಾನೆ. ಯಾವುದೋ ಒಂದನ್ನೇ ದೂರುವುದು ಕಷ್ಟ.

ಮುಂಜಾವು ಅವರೇ, ನೀವು ಬರೆದದ್ದರಲ್ಲಿ ನನ್ನ ಗಮನ ಸೆಳೆದದ್ದು "ಕತ್ತಲಲ್ಲಿ ಇನ್ನೂ ಕಷ್ಟ" ಅನ್ನುವ ಮಾತು. ಕಿರುಮೆದುಳಿನದೇ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಕಣ್ಣು ತೆರೆದಿದ್ದರೂ ಓಲಾಟ ಇರುತ್ತದೆ. ಬೆಳಕಿನಲ್ಲಿ ಪರವಾಗಿಲ್ಲ, ಕಣ್ಣು ಮುಚ್ಚಿದರೆ ಅಥವಾ ಕತ್ತಲಾದರೆ ಜಾಸ್ತಿ ಅಂದರೆ ಪಾದದ ಸ್ಪರ್ಶಜ್ಞಾನ ಕಡಿಮೆ ಆಗಿರಬಹುದು, ಇಲ್ಲವೇ ಒಳಕಿವಿಯದು ಇರಬಹುದು. ರಾಮ್‌ಬರ್ಗ್ ಪರೀಕ್ಷೆ ಅಂತ ಮಾಡುವುದು ಇದನ್ನು ನೋಡಲೆಂದೇ. ಪಾದದ ಕಂಪನ ಗೊತ್ತಾಗುತ್ತದಾ ಅಂತ ಟ್ಯೂನಿಂಗ್ ಫೋರ್ಕ್ ಇಟ್ಟು ನೋಡಿಸಿ. ಶುಗರ್, ವಿಟಮಿನ್ ಬಿ12 ನೋಡಿಸಿ. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ ಅಂದಿರಿ, ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ಬಿಪಿ ನೋಡಬೇಕು. ರಾತ್ರಿ ಎದ್ದಾಗ ಬಿಪಿ ಇಳಿದು ಬೀಳುವವರು ಬಹಳ ಜನ.

ಇನ್ನು ನಡೆಯುತ್ತಾ ಮಾತಾಡಲಾಗದ ವಿಷಯ. 1997ರಲ್ಲಿ ಸ್ವೀಡನ್ನಿನ ತಂಡವೊಂದು ಇದನ್ನೇ ಗಮನಿಸಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿತ್ತು. ಮಾತು ಶುರುವಾದರೆ ನಡಿಗೆ ನಿಲ್ಲಿಸುವ ಹಿರಿಯರು ಮುಂದೆ ಬೀಳುವ ಸಾಧ್ಯತೆ ಜಾಸ್ತಿ. ರಮಾ ಅವರೇ, ನೀವೂ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ರಮಾ_ಕೆ:
ಹೌದಾ ಮೇಡಂ?! ಹಾಗಾದರೆ ಅಮ್ಮನನ್ನು ನಡೆಯುವಾಗ ಮಾತಾಡಿಸುವುದೇ ಬೇಡವಾ?

ಅನು_ಫಿಸಿಯೋ:
ರಸ್ತೆ ದಾಟುವಾಗ, ಮೆಟ್ಟಿಲು ಇಳಿಯುವಾಗ ಖಂಡಿತ ಬೇಡ. ಅವರು ನಿಂತರೆ ನೀವೂ ನಿಲ್ಲಿ, ಅವಸರ ಮಾಡಬೇಡಿ. ಆದರೆ ಸುರಕ್ಷಿತ ಜಾಗದಲ್ಲಿ, ಪಕ್ಕದಲ್ಲಿ ಒಬ್ಬರು ಇದ್ದು, ನಡೆಯುತ್ತಾ ಹಿಂದಕ್ಕೆ ಎಣಿಸುವುದು, ಹೆಸರು ಹೇಳುವುದು, ಇಂಥ ಅಭ್ಯಾಸವನ್ನು ನಾವೇ ಮಾಡಿಸುತ್ತೇವೆ.

ನರತಂತು:
ಅನು ಮೇಡಂ ಹೇಳಿದ ಈ ನಿಂತು ಮಾತಾಡುವ ವಿಷಯದಲ್ಲೇ ನಡಿಗೆ ಮತ್ತು ಯೋಚನೆ ಒಂದಕ್ಕೊಂದು ತಗುಲುವುದು. ಪ್ರಾಯದಲ್ಲಿ ನಡಿಗೆ ತಾನಾಗಿಯೇ ನಡೆಯುತ್ತದೆ, ಗಮನ ಕೊಡಬೇಕಿಲ್ಲ. ಕಿರುಮೆದುಳು ಮೊದಲಿನಷ್ಟು ಚುರುಕಾಗಿ ನೆರವು ಕೊಡದಿದ್ದರೆ ದೊಡ್ಡ ಮೆದುಳು ಹೆಜ್ಜೆಯ ಮೇಲೂ ಗಮನ ಇಡಬೇಕಾಗುತ್ತದೆ. ಗಮನ ಅಳತೆ ಮೀರಿ ಸಿಗುವ ವಸ್ತುವಲ್ಲ. ಅತ್ತ ಕೊಟ್ಟರೆ ಇತ್ತ ಕಡಿಮೆ. ವಯಸ್ಸಾದವರಲ್ಲಿ ಕಿರುಮೆದುಳು ಮತ್ತು ದೊಡ್ಡ ಮೆದುಳಿನ ನಡುವಿನ ಹೊಂದಾಣಿಕೆ ಪ್ರಾಯದವರಿಗಿಂತ ಸಡಿಲ ಆಗಿರುತ್ತದೆ ಅಂತ ಸ್ಕ್ಯಾನ್‌ಗಳಲ್ಲೂ ಕಂಡಿದೆ. ಸಡಿಲ ಆದಷ್ಟೂ ಚಲನೆಯ ಪರೀಕ್ಷೆಯಲ್ಲೂ ನೆನಪಿನ ಪರೀಕ್ಷೆಯಲ್ಲೂ ಅಂಕ ಕಡಿಮೆ ಬರುವ ಒಲವಿದೆ. ಕೋಶ ಕುಗ್ಗುವುದಕ್ಕಿಂತ ಈ ಸಂಪರ್ಕ ಸಡಿಲ ಆಗುವುದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ನೇರನುಡಿ:
ಅದು ಅಭಿಪ್ರಾಯ. ಎರಡು ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ. ವಯಸ್ಸಾದರೆ ದೊಡ್ಡ ಮೆದುಳಿನ ಮುಂಭಾಗವೂ ಕುಗ್ಗುತ್ತದೆ, ಎಲ್ಲರಿಗೂ ಗೊತ್ತಿರುವುದೇ. ಎರಡು ಕೆಲಸ ನಿಭಾಯಿಸುವುದು ಮುಂಭಾಗದ್ದು. ಕಿರುಮೆದುಳನ್ನು ಯಾಕೆ ಎಳೆದು ತರುತ್ತೀರಿ?

ಇಳಿಸಂಜೆ:
ನನ್ನ ಅನುಭವ ಹೇಳಲಾ? ಕೆಲಸದಿಂದ ನಿವೃತ್ತಳಾದ ಮೇಲೆ ಪಿಟೀಲು ಕಲಿಯಲು ಶುರು ಮಾಡಿದೆ. ನನ್ನ ಜೊತೆ ಕಲಿಯುವ ಹುಡುಗರು ಬೆರಳಿನ ಜಾಗವನ್ನು ಬೇಗ ಹಿಡಿಯುತ್ತಾರೆ. ನನಗೆ ಸ್ವರ ತಪ್ಪಿದೆ ಅಂತ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಆದರೆ ಮುಂದಿನ ಸಲವೂ ಬೆರಳು ಅದೇ ತಪ್ಪು ಜಾಗಕ್ಕೆ ಹೋಗುತ್ತದೆ. ತುಂಬಾ ಸಲ ಆದ ಮೇಲೆ ಕೂರುತ್ತದೆ. ಒಮ್ಮೆ ಕೂತಿತೆಂದರೆ ಮಾತ್ರ ಬಿಡುವುದಿಲ್ಲ, ಹುಡುಗರಷ್ಟೇ ಗಟ್ಟಿ. ಇದಕ್ಕೂ ಕಿರುಮೆದುಳಿಗೂ ಸಂಬಂಧ ಇದೆಯಾ ಸರ್?

ನರತಂತು:
ಇಳಿಸಂಜೆ ಮೇಡಂ, ನಿಮ್ಮ ಅನುಭವಕ್ಕೆ ತುಂಬಾ ಹತ್ತಿರದ ಪ್ರಯೋಗ ಇದೆ. ದೃಶ್ಯವನ್ನು ಪಕ್ಕಕ್ಕೆ ಸರಿಸಿ ತೋರಿಸುವ ಪ್ರಿಸಂ ಕನ್ನಡಕ ಹಾಕಿಸಿ ಗುರಿಗೆ ಚೆಂಡು ಎಸೆಯಲು ಹೇಳುತ್ತಾರೆ. ಮೊದಲು ಎಲ್ಲರಿಗೂ ಗುರಿ ತಪ್ಪುತ್ತದೆ, ಎಸೆದ ಹಾಗೆ ಸರಿ ಹೋಗುತ್ತದೆ. ಕಿರುಮೆದುಳಿಗೆ ಹಾನಿಯಾದವರಿಗೆ ಈ ತಿದ್ದುಪಡಿ ಸರಿಯಾಗಿ ಆಗುವುದಿಲ್ಲ. ಆರೋಗ್ಯವಂತ ಹಿರಿಯರಿಗೆ ಆಗುತ್ತದೆ, ಆದರೆ ಪ್ರಾಯದವರಿಗಿಂತ ನಿಧಾನವಾಗಿ. ಕನ್ನಡಕ ತೆಗೆದಾಗ ಉಲ್ಟಾ ದಿಕ್ಕಿಗೆ ಗುರಿ ತಪ್ಪುತ್ತದಲ್ಲ, ಒಳಗೆ ಎಷ್ಟು ಕಲಿತಿದ್ದಾರೆ ಅಂತ ತೋರಿಸುವುದು ಅದು. ಅದು ಹಿರಿಯರಲ್ಲೂ ಕಡಿಮೆ ಇರುವುದಿಲ್ಲ.

ನೇರನುಡಿ:
ನೋಡಿ, ನೀವೇ ನನ್ನ ಮಾತಿಗೆ ಬಂದಿರಿ! ಒಳಗಿನ ಕಲಿಕೆ ಚೆನ್ನಾಗಿಯೇ ಇದೆ ಅಂದರೆ ಕಿರುಮೆದುಳು ಕೆಲಸ ಮಾಡುತ್ತಿದೆ ಅಂತ ಆಯಿತು. ನಿಧಾನ ಆಗಿದ್ದು ಉಪಾಯ ಹುಡುಕುವ ಭಾಗ, ಅಂದರೆ ಮತ್ತೆ ಮೆದುಳಿನ ಮುಂಭಾಗ.

ನರತಂತು:
ಆ ಪ್ರಯೋಗದ ಮಟ್ಟಿಗೆ ನಿಮ್ಮ ವಾದಕ್ಕೆ ತೂಕ ಇದೆ, ಹಲವು ಸಂಶೋಧಕರೂ ಹಾಗೇ ಹೇಳುತ್ತಾರೆ. ಆದರೆ ಇನ್ನೊಂದು ಪರೀಕ್ಷೆ ನೋಡಿ. ಒಂದು ಸದ್ದು ಮಾಡಿ, ಕ್ಷಣದೊಳಗೆ ಕಣ್ಣಿಗೆ ಗಾಳಿ ಊದುತ್ತಾರೆ. ಕೆಲವು ಸಲ ಆದ ಮೇಲೆ ಸದ್ದು ಕೇಳಿದ ಕೂಡಲೇ, ಗಾಳಿ ಬರುವ ಮುಂಚೆಯೇ, ಸರಿಯಾದ ಹೊತ್ತಿಗೆ ಕಣ್ಣು ಮುಚ್ಚುತ್ತದೆ. ಇಲ್ಲಿ ಉಪಾಯ ಹುಡುಕುವ ಮಾತೇ ಇಲ್ಲ. ಇದು ಕಿರುಮೆದುಳಿನದೇ ಕೆಲಸ ಅಂತ ಮೊಲಗಳಲ್ಲೂ ರೋಗಿಗಳಲ್ಲೂ ಖಚಿತವಾಗಿದೆ. ಇದರ ಕಲಿಕೆ ವಯಸ್ಸಿನ ಜೊತೆ ಇಳಿಯುತ್ತದೆ, ಅದೂ ಮುಪ್ಪಿನಲ್ಲಿ ಅಲ್ಲ, 40ರ ಆಸುಪಾಸಿನಲ್ಲೇ ಇಳಿಕೆ ಶುರು. ಹಾಗಾಗಿ ಕಿರುಮೆದುಳಿಗೆ ಏನೂ ಆಗಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಕುತೂಹಲಿ:
40?? ನಾನು 43. ಒಂಟಿ ಕಾಲಿನಲ್ಲಿ 10 ಸೆಕೆಂಡ್ ನಿಲ್ಲಲು ಆಗದವರು ಬೇಗ ಸಾಯುತ್ತಾರೆ ಅಂತ ಎಲ್ಲ ಕಡೆ ವಿಡಿಯೋ ಓಡಾಡುತ್ತಿದೆಯಲ್ಲ, ಅದೂ ಇದಕ್ಕೇ ಸೇರಿದ್ದಾ?

ಅನು_ಫಿಸಿಯೋ:
ಆ ವಿಡಿಯೋಗಳು ಜನರನ್ನು ಹೆದರಿಸುತ್ತಿವೆ, ನನಗೆ ಬೇಸರ ಆಗುತ್ತದೆ. ಮೂಲ ಅಧ್ಯಯನ 2022ರದು, ಬ್ರೆಜಿಲ್‌ನಲ್ಲಿ ನಡೆದದ್ದು, 51ರಿಂದ 75 ವಯಸ್ಸಿನ 1,702 ಜನ. ಹತ್ತು ಸೆಕೆಂಡ್ ನಿಲ್ಲಲಾಗದವರಲ್ಲಿ ಮುಂದಿನ ಕೆಲವು ವರ್ಷಗಳಲ್ಲಿ ಸಾವು ಜಾಸ್ತಿ ಕಂಡಿತು, ನಿಜ. ಆದರೆ ಅವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಹೃದಯದ ತೊಂದರೆ ಕೂಡ ಜಾಸ್ತಿ ಇತ್ತು. ಅವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ವ್ಯತ್ಯಾಸ ಉಳಿಯಿತು ಅನ್ನುವುದೂ ಸರಿ. ಹಾಗಂತ ಕಾಲು ಕೆಳಗಿಟ್ಟವರೆಲ್ಲ ಸಾಯುತ್ತಾರೆ ಅಂತಲ್ಲ. ಒಂಟಿ ಕಾಲಿನ ಪರೀಕ್ಷೆ ಕಣ್ಣು, ಕಿವಿ, ಪಾದ, ಸ್ನಾಯು, ಕಿರುಮೆದುಳು ಎಲ್ಲವನ್ನೂ ಒಟ್ಟಿಗೆ ಅಳೆಯುತ್ತದೆ. ಯಾವುದು ಸೋತಿದೆ ಅಂತ ಅದು ಹೇಳುವುದಿಲ್ಲ. ಮನೆಯಲ್ಲಿ ಹಿರಿಯರಿಗೆ ಮಾಡಿಸುವುದಿದ್ದರೆ ಪಕ್ಕದಲ್ಲಿ ಹಿಡಿದುಕೊಳ್ಳಲು ಏನಾದರೂ ಇರಲಿ.

ಪ್ರಸನ್ನ:
ನನಗೊಂದು ಗೊಂದಲ. ಕಿರುಮೆದುಳು ಎಲ್ಲಕ್ಕಿಂತ ನಿಧಾನವಾಗಿ ಮುಪ್ಪಾಗುವ ಭಾಗ ಅಂತ ಓದಿದ್ದೆ. 2015ರಲ್ಲಿ ಹೊರ್ವಾತ್ ತಂಡ ಡಿಎನ್‌ಎ ಮೇಲಿನ ರಾಸಾಯನಿಕ ಗುರುತು ನೋಡಿ ವಯಸ್ಸು ಅಳೆದಿತ್ತು. ನೂರು ದಾಟಿದವರಲ್ಲಿ ಕಿರುಮೆದುಳಿನ ವಯಸ್ಸು ಅವರ ನಿಜವಾದ ವಯಸ್ಸಿಗಿಂತ ಸುಮಾರು 15 ವರ್ಷ ಕಡಿಮೆ ಬಂತು. ಅಲ್‌ಝೈಮರ್ ಅನ್ನುವ ಮರೆವಿನ ಕಾಯಿಲೆಯಲ್ಲೂ ಅಮಿಲಾಯ್ಡ್ ಅನ್ನುವ ಪ್ರೋಟೀನಿನ ಮುದ್ದೆಗಳು ಅಲ್ಲಿಗೆ ತಲುಪುವುದು ಕೊನೆಗೆ. ಹಾಗಿದ್ದ ಮೇಲೆ ಇಷ್ಟು ಬೇಗ ಕುಗ್ಗುತ್ತದೆ ಅನ್ನುವುದು ಹೇಗೆ?

ನರತಂತು:
ಪ್ರಸನ್ನ, ಎರಡೂ ನಿಜ. ಡಿಎನ್‌ಎ ಗುರುತು ನೋಡುವ ಆ ವಿಧಾನ ಅಳೆಯುವುದು ಕೋಶದ ಒಳಗಿನ ಒಂದು ಬಗೆಯ ವಯಸ್ಸನ್ನು. ಕಿರುಮೆದುಳಿನಲ್ಲಿ ಎಣಿಕೆಗೆ ಸಿಗುವ ಕೋಶಗಳಲ್ಲಿ ಪುಟಾಣಿ ಗ್ರಾನ್ಯೂಲ್ ಕೋಶಗಳದೇ ಬಹುಪಾಲು. ಪುರ್ಕಿಂಜೆ ಕೋಶಗಳು ಅದರ ಮುಂದೆ ಏನೂ ಅಲ್ಲ, ಅವುಗಳ ಕಥೆ ಆ ಸರಾಸರಿಯಲ್ಲಿ ಮುಳುಗಿಹೋಗುತ್ತದೆ. ಜೊತೆಗೆ ಮುಂದಿನ ಹಾಲೆ ಒಂದು ಥರ, ಹಿಂದಿನದು ಒಂದು ಥರ. "ಕಿರುಮೆದುಳಿಗೆ ಎಷ್ಟು ವಯಸ್ಸು" ಅಂತ ಒಂದೇ ಸಂಖ್ಯೆ ಹೇಳುವುದು ತಪ್ಪು ದಾರಿಗೆ ಎಳೆಯುತ್ತದೆ. ಅಲ್‌ಝೈಮರ್ ಮಾತು ಸರಿ, ಅಮಿಲಾಯ್ಡ್ ಸ್ಕ್ಯಾನ್ ಓದುವಾಗ ಕಿರುಮೆದುಳನ್ನೇ ಹೋಲಿಕೆಯ ಅಳತೆಯಾಗಿ ಇಟ್ಟುಕೊಳ್ಳುತ್ತಾರೆ.

ಮುಂಜಾವು ಅವರಿಗೆ ಇದರಲ್ಲಿ ಒಂದು ಸಮಾಧಾನ ಇದೆ. ಕಿರುಮೆದುಳು ವಯಸ್ಸಿಗೆ ತಕ್ಕಂತೆ ಕುಗ್ಗಿದೆ ಅನ್ನುವುದು ಮರೆವಿನ ಕಾಯಿಲೆಯ ಮುನ್ಸೂಚನೆ ಅಲ್ಲ.

ಕುತೂಹಲಿ:
ಚೀನಾದಲ್ಲಿ ಕಿರುಮೆದುಳೇ ಇಲ್ಲದ ಹೆಣ್ಣುಮಗಳೊಬ್ಬಳು ಇದ್ದಳಂತೆ, ನಿಜನಾ?

ಪ್ರಸನ್ನ:
ನಿಜ. 2014ರಲ್ಲಿ ವರದಿಯಾಯಿತು, ಆಕೆಗೆ ಆಗ 24. ಮಾತು ಬಂದದ್ದು 6 ವರ್ಷಕ್ಕೆ, ನಡೆದದ್ದು 7ಕ್ಕೆ. ಹುಟ್ಟಿನಿಂದ ಇಲ್ಲದಿದ್ದರೆ ಮೆದುಳಿನ ಉಳಿದ ಭಾಗಗಳು ಎಷ್ಟೋ ಕೆಲಸ ವಹಿಸಿಕೊಳ್ಳುತ್ತವೆ. ದೊಡ್ಡವರಾದ ಮೇಲೆ ಏಟು ಬಿದ್ದರೆ ಅಷ್ಟು ಸುಲಭ ಅಲ್ಲ.

ವೈದ್ಯ_ಬಳಗ:
ಇಷ್ಟು ಹೊತ್ತು ಓದುತ್ತಿದ್ದೆ. ನಾನು ವೈದ್ಯ, ಒಂದು ವಿಷಯ ಯಾರೂ ಹೇಳಿಲ್ಲ ಅಂತ ಬರೆಯುತ್ತಿದ್ದೇನೆ. ವಯಸ್ಸಿನ ಬದಲಾವಣೆ ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಒಂದೇ ದಿನದಲ್ಲಿ, ಒಂದೇ ಗಂಟೆಯಲ್ಲಿ ಬಂದದ್ದು ವಯಸ್ಸಿನದಲ್ಲ. ಇದ್ದಕ್ಕಿದ್ದಂತೆ ಜೋರಾಗಿ ತಲೆಸುತ್ತು, ವಾಂತಿ, ನಿಲ್ಲಲೂ ಆಗದಿರುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಇವು ಕಿರುಮೆದುಳಿನ ಸ್ಟ್ರೋಕ್ ಆಗಿರಬಹುದು. ಕೈಕಾಲಿನ ಬಲ ಸರಿಯಾಗಿದ್ದರೂ ಆಗಿರಬಹುದು, ಅದಕ್ಕೇ ಜನ ಪಿತ್ತ, ಗ್ಯಾಸ್ ಅಂತ ಮನೆಯಲ್ಲೇ ಮಲಗಿಸಿಬಿಡುತ್ತಾರೆ. ಹೊತ್ತು ಕಳೆಯದೆ ಆಸ್ಪತ್ರೆಗೆ ಓಡಿ. ಮೊದಮೊದಲು ಸಿಟಿ ಸ್ಕ್ಯಾನಿನಲ್ಲಿ ಇದು ಕಾಣದೇ ಇರಬಹುದು, ಹಾಗಾಗಿ ಸ್ಕ್ಯಾನ್ ಸರಿ ಇದೆ ಅಂದರೂ ಲಕ್ಷಣ ಹೋಗದಿದ್ದರೆ ಬಿಟ್ಟು ಬರಬೇಡಿ.

ಇನ್ನೊಂದು, ಮದ್ಯ. ವರ್ಷಗಟ್ಟಲೆ ಜಾಸ್ತಿ ಕುಡಿಯುವವರಲ್ಲಿ ಕಿರುಮೆದುಳಿನ ನಡುವಿನ ಪಟ್ಟಿಯ ಮುಂಭಾಗ ಸವೆಯುತ್ತದೆ, ಕಾಲು ಅಗಲಿಸಿ ನಡೆಯುತ್ತಾರೆ. ಕೆಲವು ಮಾತ್ರೆಗಳೂ ಹೀಗೇ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್ ಪ್ರಮಾಣ ರಕ್ತದಲ್ಲಿ ಜಾಸ್ತಿಯಾದರೆ ಓಲಾಟ ಬರುತ್ತದೆ. ಹಿರಿಯರಿಗೆ ನಿದ್ದೆ ಮಾತ್ರೆ ಕೊಡುವಾಗ ನೂರು ಸಲ ಯೋಚಿಸಬೇಕು. ಇವೆಲ್ಲ ತಿದ್ದಬಹುದಾದ ಕಾರಣಗಳು. ವಯಸ್ಸು ಅಂದುಬಿಟ್ಟರೆ ತಿದ್ದುವವರು ಯಾರು?

ಹಳೆಬೇರು:
ಡಾಕ್ಟ್ರೇ, ಈ ಮಾತು ಎಲ್ಲ ಡಾಕ್ಟರುಗಳ ಕಿವಿಗೂ ಬೀಳಲಿ. "ವಯಸ್ಸಾಯಿತಲ್ಲ" ಅನ್ನುವುದು ಕೇಳಿ ಕೇಳಿ ಸಾಕಾಗಿದೆ.

ಇಳಿಸಂಜೆ:
ಹೊಸ ಔಷಧಿ ಏನಾದರೂ ಬರುತ್ತಿದೆಯಾ? ಇಲಿಗಳಲ್ಲಿ ಏನೋ ಕಂಡುಹಿಡಿದಿದ್ದಾರೆ ಅಂತ ಕೇಳಿದ್ದೆ.

ನರತಂತು:
ಔಷಧಿ ಇಲ್ಲ. ನೀವು ಕೇಳಿದ್ದು ಬಹುಶಃ 2024ರ ಕೆನಡಾದ ಕೆಲಸ. ಮುದಿ ಇಲಿಗಳಲ್ಲಿ ಪುರ್ಕಿಂಜೆ ಕೋಶಗಳು ಸಂದೇಶ ಹೊಡೆಯುವ ವೇಗ ಪ್ರಾಯದ ಇಲಿಗಳಿಗಿಂತ ಕಡಿಮೆ ಆಗಿತ್ತು. ಆ ವೇಗವನ್ನು ಕೃತಕವಾಗಿ ಏರಿಸಿದಾಗ ಮುದಿ ಇಲಿಗಳ ನಡೆ ಸುಧಾರಿಸಿತು, ಪ್ರಾಯದವುಗಳಲ್ಲಿ ಇಳಿಸಿದಾಗ ಕೆಟ್ಟಿತು. ನೇರನುಡಿ ಅವರು ಕಾರಣ ಎಲ್ಲಿ ಅಂತ ಕೇಳುತ್ತಿದ್ದರಲ್ಲ, ಚಲನೆಯ ಮಟ್ಟಿಗೆ ಇದು ಬಲವಾದ ಸಾಕ್ಷಿ. ಆದರೆ ಅದು ಕೋಶಗಳ ಜೀನ್ ಮಟ್ಟದಲ್ಲಿ ಕೈಯಾಡಿಸಿ ಮಾಡಿದ್ದು, ಮನುಷ್ಯರಿಗೆ ಹಾಗೆ ಮಾಡುವಂತಿಲ್ಲ.

ನೇರನುಡಿ:
ಚಲನೆಗೆ ಒಪ್ಪಿದೆ. ಯೋಚನೆಗೆ ಇನ್ನೂ ಒಪ್ಪಿಲ್ಲ. ಇಲಿಗೆ ಯೋಚನೆಯ ಪರೀಕ್ಷೆ ಮಾಡಿಲ್ಲವಲ್ಲ.

ನರತಂತು:
ನ್ಯಾಯವಾದ ಮಾತು. ವಯಸ್ಸಾದವರ ಯೋಚನೆ ನಿಧಾನ ಆಗುವುದಕ್ಕೆ ಕಿರುಮೆದುಳು ಒಂದೇ ಕಾರಣ ಅಂತ ನಾನೂ ಹೇಳುವುದಿಲ್ಲ. ಮುಂಭಾಗ ಇದೆ, ಬಿಳಿ ತಂತುಗಳು ಇವೆ, ರಕ್ತನಾಳಗಳು ಇವೆ. ಕಿರುಮೆದುಳಿನದು ಅದರಲ್ಲಿ ಒಂದು ಪಾಲು, ಇಷ್ಟು ವರ್ಷ ಯಾರೂ ಲೆಕ್ಕಕ್ಕೆ ಇಡದ ಪಾಲು.

ಅನು_ಫಿಸಿಯೋ:
ಔಷಧಿ ಇಲ್ಲದಿದ್ದರೂ ವ್ಯಾಯಾಮ ಇದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2019ರ ವಿಮರ್ಶೆ 108 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿತು, ಎಲ್ಲ 60 ದಾಟಿದ, ತಮ್ಮ ಪಾಡಿಗೆ ಮನೆಯಲ್ಲಿ ಬದುಕುವ ಜನ. ವ್ಯಾಯಾಮ ಮಾಡಿದವರಲ್ಲಿ ಬೀಳುವ ಪ್ರಮಾಣ 23% ಕಡಿಮೆ. ಅದರಲ್ಲೂ ಸಮತೋಲನಕ್ಕೆ ಸವಾಲು ಕೊಡುವ ವ್ಯಾಯಾಮ ಮುಖ್ಯ. ಬರೀ ವಾಕಿಂಗ್ ಹೋಗಿ ಬಂದರೆ ಬೀಳುವುದು ಕಡಿಮೆಯಾಗುತ್ತದೆ ಅನ್ನಲು ಸಾಕಷ್ಟು ಆಧಾರ ಸಿಕ್ಕಿಲ್ಲ, ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬಹಳ ಜನ ವಾಕಿಂಗ್ ಆಯಿತಲ್ಲ ಅಂತ ಸುಮ್ಮನಾಗುತ್ತಾರೆ. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಡೆಯುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ನಿಧಾನವಾಗಿ ತಿರುಗುವುದು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸುವುದು, ಇಂಥವು. ಸತ್ತ ಕೋಶ ಮರಳಿ ಬರುವುದಿಲ್ಲ, ಆದರೆ ಉಳಿದದ್ದನ್ನು ಚೆನ್ನಾಗಿ ಬಳಸಲು ಕಲಿಯಬಹುದು.

ಪ್ರಸನ್ನ:
ಮೊಬೈಲಿನಲ್ಲಿ ಮೆದುಳಿನ ಆಟಗಳು ಸಿಗುತ್ತವಲ್ಲ, ಅವು?

ಅನು_ಫಿಸಿಯೋ:
ಆ ಆಟದಲ್ಲಿ ಚುರುಕಾಗುತ್ತಾರೆ. ಬೀಳುವುದು ತಪ್ಪಬೇಕಾದರೆ ಎದ್ದು ನಿಂತು ಮಾಡುವ ಅಭ್ಯಾಸ ಬೇಕು.

ಮುಂಜಾವು:
ಎಲ್ಲರಿಗೂ ತುಂಬಾ ಧನ್ಯವಾದ. ಇಲ್ಲಿ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿ ಬೇರೆ ಡಾಕ್ಟರನ್ನು ಕಂಡೆವು. ಅವರು ಅಪ್ಪನನ್ನು ನಿಲ್ಲಿಸಿ ಕಣ್ಣು ಮುಚ್ಚಿಸಿದರು, ತಕ್ಷಣ ವಾಲಿದರು. ಕಣ್ಣು ತೆರೆದಿದ್ದಾಗ ಅಷ್ಟಿರಲಿಲ್ಲ. ಹೆಬ್ಬೆರಳಿಗೆ ಫೋರ್ಕ್ ಇಟ್ಟರೆ ಕಂಪನ ಗೊತ್ತಾಗಲಿಲ್ಲ, ಮೊಣಕಾಲಿಗೆ ಇಟ್ಟಾಗ ಗೊತ್ತಾಯಿತು. ಮೂಗು ಮುಟ್ಟಿ ಬೆರಳು ಮುಟ್ಟುವ ಪರೀಕ್ಷೆಯನ್ನು ಅಪ್ಪ ಸರಿಯಾಗಿಯೇ ಮಾಡಿದರು. ರಕ್ತದಲ್ಲಿ ಬಿ12 ಕಡಿಮೆ ಇದೆ, ಇಂಜೆಕ್ಷನ್ ಶುರುವಾಗಿದೆ. ನಿಂತಾಗ ಬಿಪಿ ಇಳಿಯುತ್ತದೆ ಅಂತಲೂ ಗೊತ್ತಾಗಿ ಮಾತ್ರೆಯ ಹೊತ್ತು ಬದಲಿಸಿದ್ದಾರೆ. ಕಿರುಮೆದುಳು ಕುಗ್ಗಿರುವುದು ನಿಜ, ಆದರೆ ಕತ್ತಲಲ್ಲಿ ವಾಲುವುದಕ್ಕೆ ಅದು ಮುಖ್ಯ ಕಾರಣ ಅಲ್ಲ, ಮಾತಾಡುತ್ತಾ ನಡೆಯಲಾಗದ್ದರಲ್ಲಿ ಅದರ ಪಾಲು ಇರಬಹುದು ಅಂದರು. ಫಿಸಿಯೋಗೆ ಬರೆದುಕೊಟ್ಟಿದ್ದಾರೆ.

ಅನು ಮೇಡಂ, ಬಿ12 ಸರಿಯಾದರೆ ಪಾದದ ಸ್ಪರ್ಶ ಪೂರ್ತಿ ಮರಳುತ್ತದಾ?

ವೈದ್ಯ_ಬಳಗ:
ಇದಕ್ಕೆ ನಾನು ಹೇಳುತ್ತೇನೆ. ಎಷ್ಟು ದಿನದಿಂದ ಕಡಿಮೆ ಇತ್ತು ಅನ್ನುವುದರ ಮೇಲೆ ಹೋಗುತ್ತದೆ. ಬೇಗ ಹಿಡಿದಿದ್ದರೆ ಚೆನ್ನಾಗಿ ಮರಳುತ್ತದೆ, ತಡವಾಗಿದ್ದರೆ ಸ್ವಲ್ಪ ಉಳಿದುಬಿಡಬಹುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಮಧ್ಯೆ ಇಂಜೆಕ್ಷನ್ ನಿಲ್ಲಿಸಬೇಡಿ. ಬಿ12 ಯಾಕೆ ಕಡಿಮೆಯಾಯಿತು ಅಂತಲೂ ಕೇಳಿ. ಹೊಟ್ಟೆಯಲ್ಲಿ ಹೀರಿಕೊಳ್ಳುವ ತೊಂದರೆ ಇದ್ದರೆ ಮುಂದೆಯೂ ಬೇಕಾಗುತ್ತದೆ.

ಅನು_ಫಿಸಿಯೋ:
ಅಲ್ಲಿಯವರೆಗೆ ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ ಉರಿಯಲಿ. ಪಾದ ಕೊಡದ ಮಾಹಿತಿಯನ್ನು ಕಣ್ಣು ಕೊಡುತ್ತದೆ. ಏಳುವ ಮೊದಲು ಒಂದು ನಿಮಿಷ ಮಂಚದ ಅಂಚಿನಲ್ಲಿ ಕೂರಲಿ.

ರಮಾ_ಕೆ:
ಅಮ್ಮನಿಗೂ ನಾಳೆಯೇ ಬಿ12 ನೋಡಿಸುತ್ತೇನೆ. ಟ್ಯೂನಿಂಗ್ ಫೋರ್ಕ್ ಪರೀಕ್ಷೆ ಯಾವ ಡಾಕ್ಟರ್ ಹತ್ತಿರ ಆದರೂ ಆಗುತ್ತದಾ, ನರರೋಗ ತಜ್ಞರೇ ಬೇಕಾ?

ವೈದ್ಯ_ಬಳಗ:
ಯಾವ ಎಂಬಿಬಿಎಸ್ ಡಾಕ್ಟರಾದರೂ ಮಾಡುತ್ತಾರೆ. ನೀವೇ ಕೇಳಿ ಮಾಡಿಸಿಕೊಳ್ಳಿ.